ಜಿಐ ಜ್ವರ ಅಂದುಕೊಂಡಿದ್ದೆವು

ನನ್ನ ಬಲಗೈ ನೋಡಿದವರು ಮೊದಲು ಕೇಳುವುದು ಒಂದೇ ಮಾತು: "ಪ್ರೆಸ್ ಮೆಷಿನ್ನಾ ಅಣ್ಣ?" ಪೀಣ್ಯದ ಕಾರ್ಖಾನೆ ಸಾಲಿನಲ್ಲಿ ಬೆರಳು ಕಳೆದುಕೊಂಡವರಿಗೇನೂ ಬರವಿಲ್ಲ. ಬಸ್ಸಿನ ಕಂಬಿ ಹಿಡಿದ ಕೈಗಳನ್ನು ನೋಡಿದರೆ ಸಾಕು, ಯಾರು ಎಂಥ ಮೆಷಿನ್ನಿನ ಮುಂದೆ ವಯಸ್ಸು ಸವೆಸಿದರು ಎಂದು ಹೇಳಿಬಿಡಬಹುದು. ನಾನು "ಇಲ್ಲಪ್ಪ, ಜ್ವರ" ಎಂದರೆ ಇವನೇನೋ ಮುಚ್ಚಿಡುತ್ತಿದ್ದಾನೆ ಎಂಬಂತೆ ನೋಡುತ್ತಾರೆ. ಜ್ವರಕ್ಕೆ ಯಾರ ಬೆರಳಾದರೂ ಹೋಗುತ್ತವೆಯೇ? ಹೋಗುತ್ತವೆ ಸ್ವಾಮಿ. ನನ್ನವು ಹೋದವು. ಇದನ್ನು ಕನಿಕರ ಬೇಡಿ ಬರೆಯುತ್ತಿಲ್ಲ. ನನ್ನ ಹಾಗೆ ಹೊಟ್ಟೆಯ ನಡುವೆ ಉದ್ದಕ್ಕೆ ಗೀಟಿರುವವರು ಈ ಊರಲ್ಲಿ ಇನ್ನೂ ಎಷ್ಟೋ ಜನ ಇದ್ದಾರೆ, ಅವರಲ್ಲಿ ಒಬ್ಬರಾದರೂ ಓದಲಿ ಎಂದು ಉಳಿದ ಬೆರಳಲ್ಲಿ ಫೋನಿನ ಮೇಲೆ ಕುಟ್ಟುತ್ತಿದ್ದೇನೆ.

ನನ್ನ ಹೆಸರು ನಾಗರಾಜ. ಕೆಲಸ ವೆಲ್ಡಿಂಗು, ಮನೆ ಬಾಗಲಗುಂಟೆ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಇವತ್ತಿಗೂ ಮೊದಲ ಪಾಳಿಯ ಹೊತ್ತಿಗೆ ಎದ್ದು, ಹೋಗಲು ಎಲ್ಲಿಯೂ ಇಲ್ಲದೆ, ಪೇಪರಿನವನಿಗಾಗಿ ಗೇಟಿನ ಹತ್ತಿರ ನಿಂತಿರುತ್ತಾರೆ. ಹೆಂಡತಿ ಮಂಜುಳಾ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡುತ್ತಾಳೆ. ನಾನಿದ್ದ ಶೆಡ್ಡಿನಲ್ಲಿ ಜಿಐ ಶೀಟಿನ ಕೆಲಸವೇ ಹೆಚ್ಚು, ಅಂದರೆ ಸತುವು ಹತ್ತಿಸಿದ ತಗಡಿನದು. ನನ್ನ ಕೈಯನ್ನು ನಾನೇ ಹೊಗಳಿಕೊಳ್ಳಬಾರದು, ಆದರೂ ಹೊಗಳಿಕೊಳ್ಳುತ್ತೇನೆ, ಈಗ ಬೇರೆ ಯಾರೂ ಹೊಗಳುವ ಹಾಗಿಲ್ಲವಲ್ಲ. ತೆಳು ತಗಡನ್ನು ತೂತು ಬೀಳಿಸದೆ ಬೆಸೆಯಬೇಕೆಂದರೆ ನಮ್ಮ ರಸ್ತೆಯ ನಾಲ್ಕು ಶೆಡ್ಡಿನವರು ನನ್ನನ್ನೇ ಕರೆಯುತ್ತಿದ್ದರು.

ಜಿಐ ತಗಡು ಸುಟ್ಟಾಗ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದ ದಿನ ಸಂಜೆ ಬಾಯೆಲ್ಲ ಒಂಥರಾ ಸಿಹಿ, ಆಮೇಲೆ ಗಡಗಡ ಚಳಿ, ಜ್ವರ, ಮೈಕೈ ನೋವು. ಬೆಳಗಾಗುವಷ್ಟರಲ್ಲಿ ಏನೂ ಆಗಿಯೇ ಇಲ್ಲವೆಂಬಂತೆ ಮಾಯ. ವಾರದ ರಜೆ ಮುಗಿಸಿ ಬಂದ ಸೋಮವಾರ ಇದರ ಕಾಟ ಜಾಸ್ತಿ. ನಮ್ಮ ಶೆಡ್ಡಿನಲ್ಲಿ ಇದಕ್ಕೆ ಜಿಐ ಜ್ವರ ಎನ್ನುತ್ತೇವೆ, ಮದ್ದು ಬಿಸಿ ಹಾಲು, ಬೆಲ್ಲ, ಕಂಬಳಿ. ಇದಕ್ಕಾಗಿ ಡಾಕ್ಟರ ಹತ್ತಿರ ಓಡಿದವನನ್ನು ವಾರವಿಡೀ ಆಡಿಕೊಳ್ಳುತ್ತಿದ್ದೆವು. "ಏನ್ ಮಗಾ, ಜಿಐ ಜ್ವರಕ್ಕೆ ಗ್ಲೂಕೋಸ್ ಏರಿಸ್ಕೊಂಡ್ಯಂತೆ?"

ಇನ್ನು ಹೊಟ್ಟೆಯ ಗೀಟಿನ ವಿಷಯ. ಮದುವೆಗೂ ಮೊದಲು ತುಮಕೂರು ರಸ್ತೆಯಲ್ಲಿ ಟೆಂಪೊ ಗುದ್ದಿ, ಬೈಕಿನ ಹ್ಯಾಂಡಲ್ಲು ಹೊಟ್ಟೆಗೆ ಒತ್ತಿ, ಒಳಗೆ ಸ್ಪ್ಲೀನ್ ಒಡೆದುಹೋಗಿತ್ತು. ಕನ್ನಡದಲ್ಲಿ ಅದಕ್ಕೆ ಗುಲ್ಮ ಅನ್ನುತ್ತಾರಂತೆ. ಅದು ನನ್ನೊಳಗೆ ಇತ್ತೆಂದು ಗೊತ್ತಾಗಿದ್ದೇ ಅದನ್ನು ತೆಗೆದ ಮೇಲೆ. "ಇದಿಲ್ಲದೆಯೂ ಬದುಕಬಹುದು" ಎಂದು ಡಾಕ್ಟರು ಹೇಳಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡೆವು. "ಕೆಲವು ಲಸಿಕೆ ಹಾಕಿಸ್ಕೋಬೇಕು, ಜ್ವರ ಬಂದರೆ ತಕ್ಷಣ ಬರಬೇಕು" ಎಂದು ಅದರ ಹಿಂದೆಯೇ ಹೇಳಿದ್ದು ಮನೆ ತಲುಪುವಷ್ಟರಲ್ಲಿ ಉದುರಿಹೋಗಿತ್ತು. ಅಪ್ಪ ಫಿಟ್ಟರ್ ಭಾಷೆಯಲ್ಲೇ ತೀರ್ಪು ಕೊಟ್ಟಿದ್ದರು. "ಎಕ್ಸ್‌ಟ್ರಾ ಫಿಟಿಂಗು ಕಣೋ ಅದು. ತೆಗೆದ್ರೂ ಗಾಡಿ ಓಡುತ್ತೆ." ಓಡಿತು ಕೂಡ. ಅಷ್ಟು ವರ್ಷ ಓಡಿದ್ದೇ ತಪ್ಪಾಯಿತು.

ಆ ಸೋಮವಾರ ಶೆಡ್ಡಿನ ಫ್ಯಾನ್ ಕೆಟ್ಟಿತ್ತು, ನಾನು ನಿಜಕ್ಕೂ ಹೊಗೆ ಕುಡಿದಿದ್ದೆ. ಸಂಜೆ ಬಾಯಿ ಸಿಹಿಯಾಯಿತು. ಚಳಿ ಶುರುವಾದಾಗ ಸ್ಕೂಟರಿನಲ್ಲಿ ಮನೆಗೆ ಬಿಟ್ಟವನು ರಂಗಣ್ಣ. ನನಗಿಂತ ಹಿರಿಯ, ಕುಣಿಗಲ್ ಕಡೆಯವನು, ಶೆಡ್ಡಿನಲ್ಲಿ ಗ್ಯಾಸ್ ಕಟಿಂಗ್ ಮಾಡುತ್ತಾನೆ. ನನಗೆ ಕೆಲಸ ಕಲಿಸಿದ್ದೂ ಅವನೇ. ಬಾಗಿಲಲ್ಲೇ ನಿಂತು ಮಂಜುಳಾಗೆ ಹೇಳಿದ.

"ಏನೂ ಇಲ್ಲ ಕಣಮ್ಮಿ, ಜಿಐ ಜ್ವರ. ಆಲಿಗೆ ಬೆಲ್ಲ ಆಕಿ ಕುಡ್ಸಿ ಮನಗ್ಸು. ಒತ್ತಾರೆಗೆ ಎದ್ದು ಕುಣೀತಾನೆ."

"ಹಲ್ಲು ಕಟಕಟ ಅಂತಿದೆ ಅಣ್ಣ. ಯಾವತ್ತೂ ಇಷ್ಟು ಬಂದಿರಲಿಲ್ಲ."

"ಇವತ್ತು ಒಗೆ ಅಂಗಿತ್ತು. ನನಗೂ ಎದೆ ಇಡ್ಕೊಂಡದೆ."

ಹಾಲು ಕುಡಿದೆ. ಮಂಜುಳಾ ಎರಡು ಕಂಬಳಿ ಹೊದಿಸಿದಳು. ಮಂಚವೇ ಅಲ್ಲಾಡುವಷ್ಟು ನಡುಗುತ್ತಾ ಮಲಗಿದ್ದೆ, ಮನಸ್ಸು ಮಾತ್ರ ನಿರಾಳವಾಗಿತ್ತು. ಗೊತ್ತಿರುವ ಜ್ವರವಲ್ಲವೇ, ಅದಕ್ಕೆ ಹೆದರುವುದೇನು?

ಬೆಳಗಾಯಿತು, ಜ್ವರ ಹೋಗಲಿಲ್ಲ. ಕಾಲಿನ ಮೀನಖಂಡವನ್ನು ಯಾರೋ ಹಿಂಡಿದಂಥ ನೋವು, ಕುಡಿದ ನೀರೂ ವಾಂತಿ. ಮಂಜುಳಾ ಕಿಟಕಿಯ ಪರದೆ ಸರಿಸಿದವಳು ನನ್ನ ಕೈ ನೋಡಿ ಕಿರುಚಿಕೊಂಡಳು. "ಅಯ್ಯೋ, ಇದೇನ್ರೀ ಇದು, ನೇರಳೆಹಣ್ಣು ಮೆತ್ತಿದಂಗಿದೆ!" ಕೈಮೇಲೆ, ಕಾಲಮೇಲೆ, ಕಿವಿಯ ತುದಿಯಲ್ಲೂ ನೇರಳೆ ಬಣ್ಣದ ಕಲೆಗಳು. ಅಪ್ಪ ಬಂದು ನೋಡಿ, "ಸ್ವಲ್ಪ ಹೊತ್ತು ನೋಡೋಣಮ್ಮ, ಜಿಐ ಜ್ವರ ಕೆಲವು ಸಲ ಬಿಸಿಲೇರಿದ ಮೇಲೆ ಬಿಡುತ್ತೆ" ಎಂದರು. ಮಾವನಿಗೆ ಎಂದೂ ಎದುರಾಡದವಳು, "ನೀವು ನೋಡ್ತಾ ಕೂತಿರಿ ಮಾವ, ನಾನು ಆಟೋ ತರ್ತೀನಿ" ಎಂದು ಚಪ್ಪಲಿ ಕೂಡ ಮೆಟ್ಟದೆ ಓಡಿದಳು. ನಾನು ಇವತ್ತು ಇದನ್ನು ಬರೆಯುತ್ತಿರುವುದು ಆ ಓಟದಿಂದ.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಇದ್ದದ್ದು ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮಂಜುಳಾ ಜಿಐ ಹೊಗೆಯ ಕಥೆ ಹೇಳುತ್ತಲೇ ಇದ್ದಳು, ಅವರು ಎದೆ ಪರೀಕ್ಷಿಸಲು ನನ್ನ ಅಂಗಿ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು.

"ಈ ಆಪರೇಷನ್ ಯಾವುದು? ಸ್ಪ್ಲೀನ್ ತೆಗೆದಿದ್ದಾರಾ?"

ಹೂಂ ಎಂದೆನೋ ಇಲ್ಲವೋ. ಅವರು ನರ್ಸುಗಳ ಕಡೆ ತಿರುಗಿ ಕೂಗಿದ್ದು, ನಾಲ್ಕೈದು ಜನ ಒಟ್ಟಿಗೆ ನನ್ನ ಮೇಲೆ ಬಗ್ಗಿದ್ದು, ಒಂದು ಕೈಗೆ ಸೂಜಿ ಸಿಗದೆ ಇನ್ನೊಂದು ಕೈ ಎಳೆದುಕೊಂಡಿದ್ದು, ನೆನಪಿರುವುದು ಅಷ್ಟೇ.

ಮುಂದಿನದು ಮಂಜುಳಾ ಹೇಳಿದ್ದು. ಎಮರ್ಜೆನ್ಸಿಯ ಪಕ್ಕವೇ ಇದ್ದ ಐಸಿಯು ಹೊರಗೆ ಒಂದಕ್ಕೊಂದು ಅಂಟಿಸಿದ ಕಬ್ಬಿಣದ ಕುರ್ಚಿಗಳು, ತಲೆಯ ಮೇಲೆ ಸದ್ದು ಕಡಿಮೆ ಮಾಡಿದ ಟಿವಿ. ಬಾಗಿಲು ತೆರೆದು "ನಾಗರಾಜ್ ಅಟೆಂಡರ್ ಯಾರು?" ಎಂದು ಕೂಗಿದಾಗಲೆಲ್ಲ ಅವಳು ಚೀಟಿಗಳನ್ನೆಲ್ಲ ಎದೆಗವುಚಿಕೊಂಡು ಓಡುತ್ತಿದ್ದಳಂತೆ. ಅಪ್ಪ ಕುರ್ಚಿ ಇದ್ದರೂ ಕೂರದೆ ಗಾಜಿನ ಬಾಗಿಲಿಗೆ ಅಂಟಿಕೊಂಡು ನಿಂತು, ಸೆಕ್ಯೂರಿಟಿಯವನ ಹತ್ತಿರ ಬೈಸಿಕೊಂಡು, ಮತ್ತೆ ಬಂದು ನಿಲ್ಲುತ್ತಿದ್ದರು. ಡಾಕ್ಟರಮ್ಮ ಹೊರಗೆ ಬಂದು, "ಸುಳ್ಳು ಭರವಸೆ ಕೊಡಲ್ಲ ಅಮ್ಮ. ಸೋಂಕು ರಕ್ತದ ತುಂಬಾ ಹರಡಿದೆ. ಬದುಕಿಸೋಕೆ ನೋಡ್ತಿದ್ದೀವಿ" ಎಂದಾಗ ಇವಳ ಬಾಯಿಂದ ಬಂದದ್ದು ಒಂದೇ ಮಾತು.

"ನಾನು ಹಾಲು ಕೊಟ್ಟು ಮಲಗಿಸ್ಬಿಟ್ಟೆ ಮೇಡಂ."

ಪಕ್ಕದ ಕುರ್ಚಿಯಲ್ಲಿ ಹೂಡಿ ಕಡೆಯ ಒಬ್ಬ ಹೆಂಗಸು ಕೂತಿದ್ದರಂತೆ, ಅವರ ಗಂಡನೂ ಒಳಗಿದ್ದ. ಹೆಸರೂ ಕೇಳದೆ ಇವಳ ಕೈಗೆ ಚಿತ್ರಾನ್ನದ ಡಬ್ಬಿ ಇಟ್ಟು, "ತಿನ್ನಮ್ಮ, ಒಳಗಿರೋರಿಗಾಗಿ ಓಡಾಡೋಕೆ ಹೊರಗಿರೋರಿಗೆ ಶಕ್ತಿ ಬೇಕು" ಅಂದರಂತೆ. ಮಾರನೆಯ ದಿನ ಆ ಕುರ್ಚಿ ಖಾಲಿ ಇತ್ತು. ಅವರ ಗಂಡನಿಗೆ ಏನಾಯಿತೆಂದು ಕೇಳುವ ಧೈರ್ಯ ಮಂಜುಳಾಗೆ ಬರಲಿಲ್ಲ. ತೊಳೆದ ಆ ಡಬ್ಬಿ ಇವತ್ತಿಗೂ ನಮ್ಮ ಮನೆಯಲ್ಲೇ ಇದೆ.

ನನಗೆ ಎಚ್ಚರ ಬಂದಾಗ ಎಲ್ಲರೂ ಉಳಿದೆ ಎಂದು ದೇವರಿಗೆ ಕೈ ಮುಗಿಯುತ್ತಿದ್ದರು. ನಾನು ನನ್ನ ಕೈ ನೋಡುತ್ತಿದ್ದೆ. ಎರಡೂ ಕೈಯ ಬೆರಳುಗಳು ತುದಿಯಿಂದ ಇದ್ದಿಲಿನ ಹಾಗೆ ಕಪ್ಪಾಗಿದ್ದವು. ಮುಟ್ಟಿದರೆ ಗೊತ್ತಾಗದು, ಅಲ್ಲಾಡಿಸಿದರೆ ಅಲ್ಲಾಡವು. ಎಡಗೈಯದು ಹಾಳಾಗಲಿ, ಬಲಗೈ? ವೆಲ್ಡಿಂಗಿನ ಟಾರ್ಚ್ ಹಿಡಿಯುವುದು ಆ ಕೈ. ಗಂಟಲಿನ ಕೊಳವೆ ತೆಗೆದ ಮೇಲೆ ನಾನಾಡಿದ ಮೊದಲ ಮಾತು "ನೀರು" ಅಲ್ಲ, "ವೆಲ್ಡಿಂಗ್ ಮಾಡ್ಬೋದಾ?" ಡಾಕ್ಟರಮ್ಮ ಹೊದಿಕೆ ಎಳೆದು ನನ್ನ ಕೈ ಮುಚ್ಚಿದರು.

ಅವತ್ತೇ ಅಲ್ಲ, ಇನ್ನೊಂದು ದಿನ ನನ್ನ ಮಂಚದ ಪಕ್ಕ ಕೂತು ಅವರು ಬಿಡಿಸಿ ಹೇಳಿದರು. ನನ್ನ ರಕ್ತಕ್ಕೆ ಸೇರಿದ್ದು ಸಾಮಾನ್ಯ ಕ್ರಿಮಿ, ಎಷ್ಟೋ ಜನರ ಮೂಗಿನಲ್ಲೇ ಸುಮ್ಮನೆ ಇರುವಂಥದ್ದು. ಆದರೆ ಅದರ ಗೋಡೆ ದಪ್ಪ, ಗೋಡೆಯ ಮೇಲೆ ಜಾರುವ ಹೊದಿಕೆ ಬೇರೆ. "ಗೋಡೆ ತೆಳು ಇರೋ ಕ್ರಿಮಿಗಳಿಗೆ ನಮ್ಮ ರಕ್ತವೇ ತೂತು ಹೊಡೆದು ಸಾಯಿಸುತ್ತೆ. ಇದರ ಗೋಡೆಗೆ ಆ ತೂತು ಬೀಳಲ್ಲ. ಅದಕ್ಕೆ ದೇಹ ಪ್ರತಿಕಾಯ ಅಂತ ತಯಾರು ಮಾಡಿ ಇದರ ಮೈಮೇಲೆ ಅಂಟಿಸುತ್ತೆ, ಒಂಥರಾ ಗುರುತು. ಗುರುತು ಬಿದ್ದಿದ್ದನ್ನ ಸೋಸಿ ಹಿಡಿದು ನುಂಗೋ ಮುಖ್ಯ ಜಾಗ ಸ್ಪ್ಲೀನು. ನಿಮಗೆ ಅದೇ ಇಲ್ಲ. ಗುರುತು ಹಾಕೋದ್ರಲ್ಲೂ ಅದರ ಕೈ ಇರುತ್ತೆ, ಆದ್ರಿಂದ ಗುರುತೂ ಸರಿಯಾಗಿ ಬೀಳ್ಲಿಲ್ಲ. ಕ್ರಿಮಿ ಹೆಚ್ಚಾಗಿ ರಕ್ತ ಸಣ್ಣ ನಾಳಗಳಲ್ಲೇ ಹೆಪ್ಪುಗಟ್ಟಿತು, ಬೆರಳುಗಳಿಗೆ ರಕ್ತ ಹೋಗ್ಲಿಲ್ಲ."

ಯಾವ ಪುಸ್ತಕ ಓದಿದ್ದರೂ ನನಗೆ ಅಷ್ಟು ಚೆನ್ನಾಗಿ ಅರ್ಥವಾಗುತ್ತಿರಲಿಲ್ಲ. ತೆಳು ತಗಡಿಗೆ ವೆಲ್ಡಿಂಗಿನ ಆರ್ಕ್ ಕಿಡಿ ತಾಗಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತೂತು. ದಪ್ಪ ಪ್ಲೇಟಿಗೆ ಅದು ನಡೆಯುವುದಿಲ್ಲ, ಸೀಮೆಸುಣ್ಣದಲ್ಲಿ ಗುರುತು ಹಾಕಿ ರಂಗಣ್ಣನ ಕಡೆ ತಳ್ಳಬೇಕು, ಅವನು ಗ್ಯಾಸಿನಲ್ಲಿ ಕತ್ತರಿಸುತ್ತಾನೆ. ನನ್ನೊಳಗಿನ ರಂಗಣ್ಣನನ್ನು ಎಷ್ಟೋ ವರ್ಷದ ಹಿಂದೆಯೇ ಕಿತ್ತು ಎಸೆದಿದ್ದರು. ನಾವು ಅದನ್ನು ಎಕ್ಸ್‌ಟ್ರಾ ಫಿಟಿಂಗು ಅಂದುಕೊಂಡಿದ್ದೆವು.

"ಮೊದಲೇ ಲಸಿಕೆ ಹಾಕ್ಸಿದ್ರೆ?" ಎಂದು ಮಂಜುಳಾ ಕೇಳಿದಳು. ಲಸಿಕೆಯಿಂದ ಗುರುತು ದಟ್ಟವಾಗಿ ಬಿದ್ದಿದ್ದರೆ ಲಿವರ್ ಆದರೂ ಹಿಡಿಯುತ್ತಿತ್ತು ಎಂದರು ಡಾಕ್ಟರಮ್ಮ. ಅಪ್ಪ ಅಲ್ಲೇ ಇದ್ದರು. ಎದ್ದು ಹೋಗಿ ಕಾರಿಡಾರಿನ ಕೊನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತರು. ನನಗೆ ಕರೆಯಬೇಕು ಅನಿಸಿತು, ಕರೆಯಲಿಲ್ಲ.

ಆಮೇಲೆ ಶುರುವಾಯಿತು ಕಾಯುವುದು. ಕಪ್ಪಾದ ಬೆರಳನ್ನು ತಕ್ಷಣ ತೆಗೆಯುವುದಿಲ್ಲವಂತೆ. ಸತ್ತದ್ದು ಎಲ್ಲಿಗೆ ಮುಗಿದು ಜೀವ ಇರುವುದು ಎಲ್ಲಿಂದ ಶುರು ಎಂದು ಚರ್ಮದ ಮೇಲೆ ಗೆರೆ ಮೂಡಬೇಕು, ಅಲ್ಲಿಯವರೆಗೆ ಕಾಯಬೇಕು. ಸರ್ಜನ್ ಬೆಳಿಗ್ಗೆ ಬಂದು ಸೂಜಿಯಲ್ಲಿ ಚುಚ್ಚಿ "ಗೊತ್ತಾಗುತ್ತಾ?" ಅನ್ನುತ್ತಿದ್ದರು. ಜೀವಮಾನವೆಲ್ಲ ತಗಡಿನ ಮೇಲೆ ಗೆರೆ ಎಳೆದವನು ನಾನು, ಈಗ ನನ್ನ ಮೈಮೇಲೆ ಗೆರೆ ಬೀಳುವುದನ್ನು ನೋಡುತ್ತಾ ಬಿದ್ದಿದ್ದೆ. ಹೆಬ್ಬೆರಳು ಉಳಿದರೆ ಟಾರ್ಚ್ ಹಿಡಿಯಬಹುದು, ಹೋದರೆ ಇಲ್ಲ. ನೋವಾಗಲಿ ಎಂದು ಬೇಡಿಕೊಂಡಿದ್ದು ಜೀವನದಲ್ಲಿ ಅದೊಂದೇ ಸಲ. ಒಂದು ಬೆಳಿಗ್ಗೆ ಬಲಗೈ ಹೆಬ್ಬೆರಳಿಗೆ ಚುಚ್ಚಿದಾಗ "ಅಮ್ಮಾ!" ಎಂದು ಕಿರುಚಿದೆ, ಮಂಜುಳಾ ನಕ್ಕಳು. ವಾರ್ಡಿನಲ್ಲಿದ್ದವರು ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಅದೇ ದಿನಗಳಲ್ಲಿ ರಂಗಣ್ಣ ನೋಡಲು ಬಂದ. ಅಲ್ಲಿಯವರೆಗೆ ಅವನು ದಿನವೂ ಬಂದು, ಗೇಟಿನ ಹೊರಗೆ ಕಟ್ಟೆಯ ಮೇಲೆ ಕೂತು, ಅಪ್ಪನ ಹತ್ತಿರ ವಿಚಾರಿಸಿಕೊಂಡು ಹೋಗುತ್ತಿದ್ದನಂತೆ. ಅದು ನನಗೆ ಗೊತ್ತಿರಲಿಲ್ಲ. ಅವನ ಮುಖ ಕಂಡದ್ದೇ ಎಲ್ಲಿತ್ತೋ ಸಿಟ್ಟು, "ಬಾರಯ್ಯ ರಂಗಣ್ಣ, ಹಾಲು ತಂದ್ಯಾ?" ಎಂದುಬಿಟ್ಟೆ. ಅವನು ತಂದಿದ್ದ ಕಿತ್ತಳೆ ಹಣ್ಣಿನ ಕವರನ್ನು ಮಂಚದ ಕೆಳಗಿಟ್ಟು, ಬಂದ ಹಾಗೆಯೇ ಹೊರಟುಹೋದ. ಬಾಣ ಅವನಿಗೆ ಬಿಟ್ಟಿದ್ದು, ಪಕ್ಕದಲ್ಲಿ ನನ್ನ ದಿಂಬು ಸರಿಪಡಿಸುತ್ತಿದ್ದ ಮಂಜುಳಾಗೆ ತಗುಲಿತು. ಹಾಲು ಕಾಯಿಸಿ ಕೊಟ್ಟವಳು ಅವಳಲ್ಲವೇ? ಅವತ್ತಿನಿಂದ ನಮ್ಮ ಮನೆಯಲ್ಲಿ ಕಾಫಿಗೆ ಬಿಟ್ಟರೆ ಹಾಲು ಬಳಸುವುದೇ ನಿಂತಿತು.

ಕೊನೆಗೆ ಬಲಗೈಯಲ್ಲಿ ತೋರುಬೆರಳು, ನಡುಬೆರಳು ಬುಡದ ಹತ್ತಿರದಿಂದ ಹೋದವು, ಉಂಗುರದ ಬೆರಳು ಅರ್ಧ. ಎಡಗೈಯಲ್ಲಿ ಮೂರು ಬೆರಳಿನ ತುದಿ. ಕಾಲಿನ ಬೆರಳುಗಳ ಲೆಕ್ಕ ಬಿಡಿ, ಅವು ಷೂ ಒಳಗಿರುತ್ತವೆ. ಹೆಬ್ಬೆರಳು ಉಳಿಯಿತು.

ಮನೆಗೆ ಬಂದ ಮೇಲೆ ಲೋಟ ಹಿಡಿಯುವುದನ್ನು, ಗುಂಡಿ ಹಾಕುವುದನ್ನು ಮಗುವಿನ ಹಾಗೆ ಕಲಿತೆ. ಚೆಲ್ಲಿದ ಸಾರಿಗೆ, ಬೀಳಿಸಿದ ತಟ್ಟೆಗೆ ಮಂಜುಳಾಳ ಮೇಲೆ ರೇಗುತ್ತಿದ್ದೆ. ಬಾಕಿ ಇದ್ದ ಲಸಿಕೆಗಳನ್ನೆಲ್ಲ ಹಾಕಿಸಿಕೊಂಡೆ. ಜ್ವರ ಬಂದ ಕೂಡಲೇ ನುಂಗಿ ಆಸ್ಪತ್ರೆಗೆ ಓಡಬೇಕಾದ ಮಾತ್ರೆಗಳನ್ನು ಮಂಜುಳಾ ದೇವರ ಗೂಡಿನಲ್ಲಿಟ್ಟಳು. ಒಂದು ಭಾನುವಾರ ರಂಗಣ್ಣ ಬಂದ. ಹೊಸ್ತಿಲ ಹೊರಗೇ ನಿಂತು ಚೀಲದಿಂದ ಒಂದು ವಸ್ತು ತೆಗೆದ. ಚರ್ಮದ ಪಟ್ಟಿ, ಅದಕ್ಕೆ ಬಗ್ಗಿಸಿದ ತಗಡಿನ ಹಿಡಿ. ಟಾರ್ಚನ್ನು ಅಂಗೈಗೆ ಕಟ್ಟಿ ಹೆಬ್ಬೆರಳಿಂದ ಗುಂಡಿ ಒತ್ತುವ ಹಾಗೆ ಮಾಡಿದ್ದ.

"ಸರಿ ಒಂದೀತಾ ನೋಡು," ಎಂದ.

"ಒಳಗ್ ಬಾ ಮೊದ್ಲು," ಎಂದೆ. ನನಗೆ ಬಂದ ಕ್ಷಮಾಪಣೆ ಅಷ್ಟೇ.

ಹಿಡಿ ಸರಿಹೊಂದಿತು. ಶೆಡ್ಡಿಗೆ ಹೋದೆ. ಎಂದಿನ ಹಾಗೆ ಕೈ ಓಡಲಿಲ್ಲ, ಬೆಸುಗೆಯ ಗೆರೆ ಸೊಟ್ಟ ಬಂತು, ಆದರೂ ಬಂತು. ಬಡಿದು ನೋಡಿದರೆ ಬಿಡಲಿಲ್ಲ. ಹೆಲ್ಮೆಟ್ಟಿನ ಕಪ್ಪು ಗಾಜಿನೊಳಗೆ ಅತ್ತರೆ ಯಾರಿಗೂ ಕಾಣುವುದಿಲ್ಲ, ಆ ಕೆಲಸದಲ್ಲಿರುವ ಸುಖ ಅದು. ಚೆನ್ನಾಗಿ ಅತ್ತೆ. ಮೂಗಿಗೆ ಮಾಸ್ಕು ಹಾಕಿಕೊಂಡೇ ಕೆಲಸ ಮಾಡುತ್ತಿದ್ದೆ, ದಿನಕ್ಕೊಂದಿಷ್ಟು ಗೆರೆ ನೆಟ್ಟಗಾಗುತ್ತಾ ಬಂತು.

ಹಬ್ಬದ ರಜೆ ಮುಗಿದ ಮೇಲೆ ಒಂದು ಸಂಜೆ ಬಾಯಿ ಸಿಹಿಯಾಯಿತು. ಆಚೀಚೆಯ ಶೆಡ್ಡುಗಳಲ್ಲೆಲ್ಲ ಅದೇ ಕೆಲಸ, ಮಾಸ್ಕು ಎಷ್ಟೆಂದು ತಡೆದೀತು? ಮನೆ ತಲುಪುವಷ್ಟರಲ್ಲಿ ಗಡಗಡ ಚಳಿ. ಮಂಜುಳಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇದು ಹೊಗೆಯೋ, ಅದೋ? ಇಬ್ಬರಿಗೂ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಮಾತ್ರೆ ನುಂಗಿಸಿ, ಆಟೋ ಹತ್ತಿಸಿ, ಮತ್ತೆ ಅದೇ ಎಮರ್ಜೆನ್ಸಿ, ಅದೇ ಸೂಜಿ. ಆಟೋದಲ್ಲಿ ಉದ್ದಕ್ಕೂ ಅವಳು ನನ್ನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದಳು.

ಬೆಳಿಗ್ಗೆ ಜ್ವರ ಮಾಯವಾಗಿತ್ತು. ಜಿಐ ಜ್ವರವೇ. ಡಾಕ್ಟರಮ್ಮ ನಗುತ್ತಲೇ ಹೇಳಿದರು, "ಈ ಸಲ ಹೊಗೆ ಇರಬೇಕು. ಆದ್ರೆ ಮುಂದಿನ ಸಲ ಬಂದ್ರೂ ಹೊಗೆ ಅಂತ ಮನೇಲಿ ಕೂರೋ ಹಾಗಿಲ್ಲ. ಹೊರಗಿಂದ ನೋಡೋಕೆ ಎರಡೂ ಒಂದೇ. ಲಸಿಕೆ ಹಾಕಿದ್ರೂ ಪೂರ್ತಿ ನಂಬೋಕಾಗಲ್ಲ." ನಾನು ಗೆದ್ದವನ ಹಾಗೆ ಮಂಜುಳಾ ಕಡೆ ತಿರುಗಿದೆ. ಅವಳು ಆ ಕಬ್ಬಿಣದ ಕುರ್ಚಿಯಲ್ಲಿ, ಚಿತ್ರಾನ್ನದ ಹೆಂಗಸು ಕೂತಿದ್ದ ಜಾಗದಲ್ಲಿ ಕೂತಿದ್ದಳು.

"ಬೆರಳು ಹೋದಾಗ ನಾನು ಅಳ್ಲಿಲ್ಲ ರೀ," ಎಂದಳು. "ನೀವು ಉಳಿದ್ರಲ್ಲ ಅಂತ ಸುಮ್ನಿದ್ದೆ. ಆದ್ರೆ ಪ್ರತಿ ಸಲ ನೀವು ನಡುಗಿದಾಗ್ಲೂ ಇಲ್ಲಿ ಬಂದು ಕೂತ್ಕೊಂಡು, ಇದು ಯಾವ ಜ್ವರ ಅಂತ ಬೆಳಗಾಗೋದನ್ನ ಕಾಯೋಕೆ ನನ್ನ ಕೈಲಾಗಲ್ಲ. ಸತ್ಯವಾಗ್ಲೂ ಆಗಲ್ಲ."

ಜಿಐ ಇಲ್ಲದ ಶೆಡ್ಡಿಗೆ ಹೋಗುತ್ತೇನೆ ಎನ್ನೋಣವೆಂದರೆ, ಈ ಕೈ ನೋಡಿ ಹೊಸಬರು ಯಾರು ಕೆಲಸ ಕೊಡುತ್ತಾರೆ? ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸರಿ ಬಿಡು ಎಂದೆ. ಬೆರಳು ಕಳೆದುಕೊಂಡೂ ಉಳಿಸಿಕೊಂಡ ಕೆಲಸವನ್ನು, ಏನೂ ಅಲ್ಲದ ಒಂದು ಜ್ವರಕ್ಕೆ ಬಿಟ್ಟೆ.

ಈಗ ದಾಸರಹಳ್ಳಿಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಗಲ್ಲಾದ ಪಕ್ಕ ಕೂತು ವೆಲ್ಡಿಂಗ್ ರಾಡ್ ಮಾರುತ್ತೇನೆ. ಹೆಲ್ಮೆಟ್ಟು, ಆ ಚರ್ಮದ ಹಿಡಿ ವಾಪಸ್ಸು ಕೊಡಲು ಶೆಡ್ಡಿಗೆ ಹೋಗಿದ್ದ ಸಂಜೆ, ಮೂಲೆಯಲ್ಲಿ ಹೊಸ ವೆಲ್ಡರ್ ಒಬ್ಬ ಗೋಣಿಚೀಲ ಹೊದ್ದು ನಡುಗುತ್ತಾ ಕೂತಿದ್ದ. ಸುತ್ತ ನಿಂತವರು ಆಗಲೇ ನಗುತ್ತಿದ್ದರು. "ಜಿಐ ಜ್ವರ ಗುರು, ಹಾಲು ತರ್ಸಿ" ಎಂದ ಒಬ್ಬ. ರಂಗಣ್ಣ ಗ್ಯಾಸ್ ಆರಿಸಿ ಅವನ ಹತ್ತಿರ ಹೋದ, ನನ್ನನ್ನು ನೋಡಲಿಲ್ಲ.

"ಮೊದ್ಲು ಅಂಗಿ ಎತ್ತಲೇ," ಎಂದ. "ಒಟ್ಟೆ ಮ್ಯಾಲೆ ಗೀಟೈತಾ ತೋರ್ಸು."

ಅವನು ಗಲಿಬಿಲಿಯಾಗಿ ಅಂಗಿ ಎತ್ತಿದ. ಹೊಟ್ಟೆ ನುಣ್ಣಗಿತ್ತು. ರಂಗಣ್ಣ ಸೊಂಟದವರೆಗೂ ಬಗ್ಗಿ, ಒರಟು ಕೈಯಿಂದ ಆ ಹೊಟ್ಟೆಯನ್ನು ಮೇಲಿಂದ ಕೆಳಗೆ ಸವರಿ ನೋಡಿದ. ಆಮೇಲೆ ಹಾಲು ತರಲು ಹೇಳಿದ.